ಹಳೆಯ ಎಸ್‌ಯುವಿಯ ಮೀಟರ್ ಬೋರ್ಡ್: ಮುಳ್ಳು ಯಾಕೆ ತಪ್ಪುತ್ತದೆ, ಯಾವ ಲೈಟ್ ಬಂದರೆ ಗಾಡಿ ನಿಲ್ಲಿಸಬೇಕು

ಸೆಕೆಂಡ್‌ಹ್ಯಾಂಡ್ ಸ್ಕಾರ್ಪಿಯೋ, ಬೊಲೆರೊ, ಸಫಾರಿ, ಸುಮೊ ಅಥವಾ ಕ್ವಾಲಿಸ್ ತೆಗೆದುಕೊಂಡವರು ಸ್ವಲ್ಪ ದಿನದಲ್ಲೇ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಎಂಜಿನ್ ಚೆನ್ನಾಗಿದೆ, ಗೇರ್ ಸಲೀಸಾಗಿ ಬೀಳುತ್ತದೆ, ಆದರೆ ಮೀಟರ್ ಬೋರ್ಡ್ ಯಾಕೆ ಹೀಗೆ? ಅರ್ಧ ಟ್ಯಾಂಕ್ ಡೀಸೆಲ್ ಇದ್ದರೂ ಮುಳ್ಳು ಕೆಳಗೇ ಮಲಗಿರುತ್ತದೆ. ಹೀಟ್ ಮೀಟರ್ ಮೇಲೇಳುವುದೇ ಇಲ್ಲ. ಎಸಿ ಫ್ಯಾನ್ ನಾಲ್ಕನೇ ಪಾಯಿಂಟಿನಲ್ಲಿ ಮಾತ್ರ ತಿರುಗುತ್ತದೆ. ಬಹಳ ಜನ "ಹಳೇ ಗಾಡಿ ಅಲ್ವಾ" ಅಂತ ಸುಮ್ಮನಾಗುತ್ತಾರೆ, ಇನ್ನು ಕೆಲವರು ಇಡೀ ಮೀಟರ್ ಸೆಟ್ಟನ್ನೇ ಬದಲಾಯಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಎರಡೂ ಬೇಕಾಗಿಲ್ಲ.

ಈಗ ಇದು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣ ಇದೆ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ತುಂಬಿದರೆ ಆರ್‌ಸಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಆಗ ನಡೆಯುವ ಫಿಟ್‌ನೆಸ್ ಪರೀಕ್ಷೆಯಲ್ಲಿ ಸ್ಪೀಡೋಮೀಟರ್, ಹಾರ್ನ್, ವೈಪರ್, ಲೈಟ್ ಎಲ್ಲವನ್ನೂ ನೋಡುತ್ತಾರೆ. ಬೊಲೆರೊ ಬಂದಿದ್ದು 2000ದಲ್ಲಿ, ಸ್ಕಾರ್ಪಿಯೋ 2002ರಲ್ಲಿ, ಕ್ವಾಲಿಸ್ ತಯಾರಿಕೆ ನಿಂತಿದ್ದು 2005ರಲ್ಲಿ. ಇವುಗಳಲ್ಲಿ ಮೊದಮೊದಲು ಬಂದ ಗಾಡಿಗಳೆಲ್ಲ ಆ ಗಡಿ ದಾಟಿ ಎಷ್ಟೋ ಕಾಲ ಆಯಿತು, ಆದರೂ ಮಲೆನಾಡಿನ ತೋಟದ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ.

ಮುಳ್ಳು ತಾನಾಗಿ ಏನನ್ನೂ ಅಳೆಯುವುದಿಲ್ಲ

ಮೊದಲು ಇದೊಂದು ಅರ್ಥವಾದರೆ ಉಳಿದದ್ದು ಸುಲಭ. ಮೀಟರ್ ಬೋರ್ಡಿನಲ್ಲಿ ಕಾಣುವ ಮುಳ್ಳು ಬರೀ ತೋರಿಸುವ ಸಾಧನ. ಅಳತೆ ಆಗುವುದು ಬೇರೆ ಕಡೆ. ಡೀಸೆಲ್ ಅಳೆಯುವುದು ಟ್ಯಾಂಕಿನ ಒಳಗೆ, ಬಿಸಿ ಅಳೆಯುವುದು ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹತ್ತಿರ, ವೇಗ ಅಳೆಯುವುದು ಗೇರ್‌ಬಾಕ್ಸಿನ ಹಿಂದೆ. ಅಲ್ಲಿಂದ ಒಂದು ವೈರ್ ಬೋರ್ಡಿಗೆ ಬರುತ್ತದೆ. ಬೋರ್ಡಿಗೆ ಫ್ಯೂಸ್ ಮೂಲಕ ಕರೆಂಟ್ ಬರಬೇಕು. ಕೊನೆಗೆ ಆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಬೇಕು. ಈ ವಾಪಸ್ ದಾರಿಯನ್ನೇ ಗ್ಯಾರೇಜಿನಲ್ಲಿ ಅರ್ತಿಂಗ್ ಅನ್ನುತ್ತಾರೆ.

ಅಳೆಯುವ ಸೆನ್ಸರ್, ವೈರ್, ಫ್ಯೂಸ್, ಅರ್ತಿಂಗ್, ಮುಳ್ಳು. ಇವುಗಳಲ್ಲಿ ಯಾವುದು ಹೋದರೂ ನಮಗೆ ಕಾಣುವುದು ಮುಳ್ಳು ತಪ್ಪು ತೋರಿಸುವುದು ಮಾತ್ರ. ಹಳೆಯ ಗಾಡಿಯಲ್ಲಿ ಮುಳ್ಳಿಗಿಂತ ಮೊದಲು ಹಾಳಾಗುವುದು ಸಾಮಾನ್ಯವಾಗಿ ಬಿಸಿ, ನೀರು, ಮಣ್ಣು ಮೂರನ್ನೂ ತಿನ್ನುವ ಜಾಗದಲ್ಲಿರುವ ಸೆನ್ಸರ್ ಮತ್ತು ಕನೆಕ್ಟರ್. ಮಳೆ ಜಾಸ್ತಿ ಇರುವ ಕಡೆ, ಕರಾವಳಿಯ ಉಪ್ಪುಗಾಳಿಯಲ್ಲಿ, ಕನೆಕ್ಟರ್ ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಅದನ್ನು ಉಜ್ಜಿ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಎಷ್ಟೋ ಸಲ ಮುಳ್ಳು ಸರಿಹೋಗುತ್ತದೆ. ಇಲಿ ಕಡಿದ ವೈರೂ ಅಷ್ಟೇ ಮಾಮೂಲು. ವಾರಗಟ್ಟಲೆ ನಿಂತ ಗಾಡಿಯಾದರೆ ಮೊದಲು ಅದನ್ನೇ ನೋಡಬೇಕು.

ಎರಡು ಮೂರು ಒಟ್ಟಿಗೆ ಕೆಟ್ಟಿದ್ದರೆ

ಡೀಸೆಲ್ ಮುಳ್ಳೂ ಹೀಟ್ ಮುಳ್ಳೂ ಒಂದೇ ದಿನ ತಪ್ಪು ತೋರಿಸಲು ಶುರು ಮಾಡಿದರೆ ಎರಡು ಸೆನ್ಸರ್ ಒಟ್ಟಿಗೆ ಹೋಗಿರುವುದು ತೀರಾ ಅಪರೂಪ. ಎರಡಕ್ಕೂ ಸೇರಿದ ಒಂದು ಜಾಗ ಹೋಗಿದೆ ಅಂತ ತಿಳಿಯಬೇಕು. ಮೀಟರ್ ಫ್ಯೂಸ್, ಬೋರ್ಡಿನ ಹಿಂದಿನ ಕನೆಕ್ಟರ್, ಅರ್ತಿಂಗ್, ಈ ಮೂರನ್ನು ಮೊದಲು ನೋಡಿ. ತುಂಬಾ ಹಳೆಯ ಜೀಪ್ ಮಾದರಿಗಳಲ್ಲಿ ಇನ್ನೊಂದು ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯಬಾರದು ಅಂತ ಮೀಟರುಗಳಿಗೆ ಒಂದೇ ಮಟ್ಟದ ಕಡಿಮೆ ವೋಲ್ಟೇಜ್ ಕೊಡುವ ಸಣ್ಣ ರೆಗ್ಯುಲೇಟರ್ ಅದು. ಅಮೆರಿಕದ ಜೀಪ್ ಸಿಜೆ ಗಾಡಿಗಳಲ್ಲಿ ಇದು ಪೆಟ್ರೋಲ್ ಮೀಟರಿನ ಒಳಗೇ ಇತ್ತು, ಕೊಡುತ್ತಿದ್ದುದು ಸುಮಾರು 5 ವೋಲ್ಟ್. ಅದು ಕೈಕೊಟ್ಟರೆ ಎರಡೂ ಮುಳ್ಳು ಒಟ್ಟಿಗೆ ಮೇಲೆ ಹೋಗುತ್ತವೆ ಅಥವಾ ಒಟ್ಟಿಗೆ ಸಾಯುತ್ತವೆ.

ಅರ್ತಿಂಗ್ ಸರಿಯಿಲ್ಲ ಅನ್ನುವುದಕ್ಕೆ ಒಳ್ಳೆಯ ಗುರುತು ಇದೆ. ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳುಗಳು ಜರುಗುತ್ತವೆ, ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಡೀಸೆಲ್ ಮುಳ್ಳು ಕುಣಿಯುತ್ತದೆ. ಇದರರ್ಥ ಲೈಟಿನ ಕರೆಂಟಿಗೆ ವಾಪಸ್ ಹೋಗಲು ಸರಿಯಾದ ದಾರಿ ಸಿಗುತ್ತಿಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ. ಸೊನ್ನೆಯ ಹತ್ತಿರ ಬರಬೇಕು. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಹೋಗುವ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿ, ತುಕ್ಕು ಕೆರೆದು, ಬೋಲ್ಟ್ ಬಿಗಿ ಮಾಡಿಸಿ. ಎಂಜಿನ್ನಿನಿಂದ ಬಾಡಿಗೆ ಹೋಗುವ ಪಟ್ಟಿಯನ್ನೂ ಮರೆಯಬೇಡಿ.

ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಖಂಡಿತ ಬೇಡ. ಪಟ್ಟಿ ಫ್ಯೂಸ್‌ನಲ್ಲಿ ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ಕೆಂಪು ಇದ್ದ ಜಾಗಕ್ಕೆ ಹಸಿರು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರ್.

ಡೀಸೆಲ್ ಮುಳ್ಳು

ಟ್ಯಾಂಕಿನ ಒಳಗೆ ತೇಲುವ ಒಂದು ಬುರುಡೆ, ಅದಕ್ಕೊಂದು ಕಡ್ಡಿ, ಕಡ್ಡಿಯ ತುದಿ ಜಾರುವ ಒಂದು ರೆಸಿಸ್ಟೆನ್ಸ್ ಪಟ್ಟಿ (ಕರೆಂಟ್ ಹರಿಯುವುದಕ್ಕೆ ತಡೆ ಒಡ್ಡುವ ಪಟ್ಟಿ) ಇರುತ್ತದೆ. ಮೆಕ್ಯಾನಿಕ್‌ಗಳು ಇಡೀ ಭಾಗಕ್ಕೆ ಟ್ಯಾಂಕ್ ಯೂನಿಟ್ ಅನ್ನುತ್ತಾರೆ. ಡೀಸೆಲ್ ಇಳಿದ ಹಾಗೆ ಬುರುಡೆ ಇಳಿಯುತ್ತದೆ, ಕಡ್ಡಿ ಪಟ್ಟಿಯ ಮೇಲೆ ಜಾರುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ, ಮುಳ್ಳು ಚಲಿಸುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ತಿರುಪು ಸವೆದಾಗ ಕೆಲವು ಜಾಗದಲ್ಲಿ ಕರಕರ ಅಂದು ದನಿ ನಿಂತುಹೋಗುತ್ತಿತ್ತಲ್ಲ, ಒಳಗಿನ ವ್ಯವಸ್ಥೆ ಹೆಚ್ಚುಕಮ್ಮಿ ಅದೇ. ಪಟ್ಟಿ ಸವೆದ ಜಾಗಕ್ಕೆ ಕಡ್ಡಿ ಬಂದಾಗ ಮುಳ್ಳು ಬಿದ್ದುಹೋಗುತ್ತದೆ, ದಾಟಿದ ಮೇಲೆ ಮತ್ತೆ ಏಳುತ್ತದೆ. ಅರ್ಧ ಟ್ಯಾಂಕಿನ ಆಸುಪಾಸಿನಲ್ಲೇ ಮುಳ್ಳು ಹಾರುತ್ತಿದ್ದರೆ ಅದಕ್ಕೆ ಕಾರಣ ಇದು. ಹೆಚ್ಚು ಓಡಾಡುವ ಜಾಗ ಬೇಗ ಸವೆಯುತ್ತದೆ. ಬುರುಡೆಗೆ ತೂತು ಬಿದ್ದು ಡೀಸೆಲ್ ತುಂಬಿಕೊಂಡರೆ ಅದು ತೇಲುವುದೇ ಇಲ್ಲ, ಆಗ ಟ್ಯಾಂಕ್ ಫುಲ್ ಮಾಡಿಸಿದರೂ ಮುಳ್ಳು ಖಾಲಿಯಲ್ಲೇ ಇರುತ್ತದೆ.

ತಪ್ಪು ಟ್ಯಾಂಕಿನಲ್ಲಿದೆಯೋ ಬೋರ್ಡಿನಲ್ಲಿದೆಯೋ ಅಂತ ಹೇಗೆ ಗೊತ್ತಾಗುತ್ತದೆ? ಕೀ ಆನ್ ಮಾಡಿ ಟ್ಯಾಂಕ್ ಯೂನಿಟ್‌ನ ಕನೆಕ್ಟರ್ ಬಿಚ್ಚಿದರೆ ಮುಳ್ಳು ಒಂದು ತುದಿಗೆ ಹೋಗಬೇಕು, ಆ ವೈರನ್ನು ಅರ್ತ್‌ಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ. ಎರಡೂ ಆದರೆ ಮುಳ್ಳು, ವೈರ್ ಎರಡೂ ಸರಿ, ತಪ್ಪು ಟ್ಯಾಂಕಿನ ಕಡೆ ಇದೆ. ಆದರೆ ಇದನ್ನು ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಪೆಟ್ರೋಲ್ ಗಾಡಿಯಲ್ಲಿ ಟ್ಯಾಂಕಿನ ಹತ್ತಿರ ಕಿಡಿ ಹಾರುವುದು ಅಪಾಯ. ಎಲೆಕ್ಟ್ರಾನಿಕ್ ಮೀಟರ್ ಇರುವ ಗಾಡಿಯಲ್ಲಿ ನೇರವಾಗಿ ಅರ್ತ್ ಮುಟ್ಟಿಸಿದರೆ ಬೋರ್ಡೇ ಹಾಳಾಗಬಹುದು.

ಬೇರೆ ಗಾಡಿಯ ಟ್ಯಾಂಕ್ ಯೂನಿಟ್ ಕೂರಿಸುವವರು ಇದನ್ನು ಗಮನಿಸಬೇಕು. ಓಮ್‌ನಲ್ಲಿ ಅಳೆಯುವ ಈ ರೆಸಿಸ್ಟೆನ್ಸ್‌ನ ಲೆಕ್ಕ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಜನರಲ್ ಮೋಟಾರ್ಸ್‌ನ ಹಳೆಯ ಗಾಡಿಗಳಲ್ಲಿ ಖಾಲಿಗೆ 0 ಓಮ್, ಫುಲ್‌ಗೆ 90 ಓಮ್. ಹೊರಗೆ ಸಿಗುವ ಇನ್ನೊಂದು ಬಗೆಯಲ್ಲಿ ಖಾಲಿಗೆ 240, ಫುಲ್‌ಗೆ 33. ಒಂದರ ಯೂನಿಟ್ ಇನ್ನೊಂದರ ಮೀಟರಿಗೆ ಹಾಕಿದರೆ ಮುಳ್ಳು ಉಲ್ಟಾ ಓಡುತ್ತದೆ.

ಈ ಮುಳ್ಳು ಸತ್ತರೂ ಗಾಡಿ ಓಡುತ್ತದೆ, ನಿಜ. ಆದರೆ ಹಳೆಯ ಡೀಸೆಲ್ ಎಂಜಿನ್ ಖಾಲಿಯಾಗಿ ನಿಂತರೆ ಕ್ಯಾನ್ ತಂದು ಸುರಿದ ಕೂಡಲೇ ಸ್ಟಾರ್ಟ್ ಆಗುವುದಿಲ್ಲ. ಪೈಪಿನೊಳಗೆ ಗಾಳಿ ಸೇರಿ ಏರ್ ಲಾಕ್ ಆಗುತ್ತದೆ, ಕೈಪಂಪ್ ಒತ್ತಿ ಗಾಳಿ ಹೊರಗೆ ಹಾಕಬೇಕು. ಹಾಗಾಗಿ ಮುಳ್ಳು ಸರಿಯಾಗುವ ತನಕ ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಿಲೋಮೀಟರ್ ಲೆಕ್ಕದಲ್ಲಿ ಓಡಿಸಿ.

ಹೀಟ್ ಮೀಟರ್

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇದನ್ನು ಕಡೆಗಣಿಸಿ ಕಳೆದುಕೊಳ್ಳುವುದು ಬರೀ ಒಂದು ಮುಳ್ಳನ್ನಲ್ಲ, ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿರುವ ಹೆಡ್ ಗ್ಯಾಸ್ಕೆಟ್ ಮತ್ತು ಕೆಲವೊಮ್ಮೆ ಇಡೀ ಹೆಡ್ಡನ್ನು.

ಎಂಜಿನ್ ತಣ್ಣಗಿಡಲು ಅದರ ಸುತ್ತ ಓಡುವ ದ್ರವ, ಅಂದರೆ ಕೂಲೆಂಟ್‌ನಲ್ಲಿ ಮುಳುಗಿರುವ ಸಣ್ಣ ಸೆನ್ಸರ್ ಇದಕ್ಕೆ ಮಾಹಿತಿ ಕೊಡುತ್ತದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಹಾಗಾಗಿ ವೈರ್ ಕಳಚಿದರೆ ಮುಳ್ಳು ತಣ್ಣಗಿನ ಕಡೆ ಬಿದ್ದಿರುತ್ತದೆ, ವೈರ್ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗಿದರೆ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಕೆಂಪಿಗೆ ಏರುತ್ತದೆ. ತಣ್ಣಗಿರುವ ಎಂಜಿನ್ ಕ್ಷಣದಲ್ಲಿ ಕುದಿಯಲು ಸಾಧ್ಯವಿಲ್ಲ, ಆದ್ದರಿಂದ ಅಂಥದ್ದನ್ನು ನೋಡಿದರೆ ಅದು ವೈರಿನ ತಪ್ಪು ಅಂತ ಧೈರ್ಯವಾಗಿ ಹೇಳಬಹುದು.

ಮುಳ್ಳು ಯಾವಾಗಲೂ ಕೆಳಗೇ ಇದ್ದರೆ ಇನ್ನೂ ಒಂದು ಕಾರಣ ಇರಬಹುದು. ಎಂಜಿನ್ ಬಿಸಿಯಾಗುವ ತನಕ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಅದು ತೆರೆದೇ ಸಿಕ್ಕಿಹಾಕಿಕೊಂಡರೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ. ನಮ್ಮ ಕಡೆ ಹೀಟ್ ಆಗುತ್ತದೆ ಅಂತ ಆ ವಾಲ್ವನ್ನೇ ಕಿತ್ತು ಹಾಕುವ ಅಭ್ಯಾಸ ಇದೆ. ಅದು ತಪ್ಪು. ತಣ್ಣಗೆ ಓಡುವ ಡೀಸೆಲ್ ಎಂಜಿನ್ ಜಾಸ್ತಿ ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ, ಮತ್ತು ಮೂಲ ಕಾಯಿಲೆ ಹಾಗೇ ಉಳಿಯುತ್ತದೆ.

ನಿಜವಾಗಿ ಹೀಟ್ ಆಗುತ್ತಿದ್ದರೆ ಯಾವಾಗ ಆಗುತ್ತದೆ ಅನ್ನುವುದೇ ಅರ್ಧ ಉತ್ತರ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಹೈವೇ ಹಿಡಿದಾಗ ಇಳಿದರೆ ಫ್ಯಾನ್ ಅಥವಾ ಅದನ್ನು ಎಂಜಿನ್ನಿಗೆ ಸೇರಿಸುವ ಫ್ಯಾನ್ ಕ್ಲಚ್ ನೋಡಬೇಕು, ಯಾಕೆಂದರೆ ಓಡುವಾಗ ಗಾಳಿ ತಾನಾಗಿ ಬರುತ್ತದೆ. ಸಿಟಿಯಲ್ಲಿ ಸರಿಯಿದ್ದು ಶಿರಾಡಿ, ಚಾರ್ಮಾಡಿ, ಆಗುಂಬೆ ಏರುವಾಗ ಮಾತ್ರ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿದೆಯೇ, ವಾಟರ್ ಪಂಪ್ ಸರಿಯಾಗಿ ತಳ್ಳುತ್ತಿದೆಯೇ ಅಂತ ನೋಡಬೇಕು.

ಈಗ ಅತಿ ಅಪಾಯದ್ದು. ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸದ್ಯ ತಣ್ಣಗಾಯಿತು ಅಂತ ಖುಷಿಪಡಬೇಡಿ. ಕೂಲೆಂಟ್ ಪೂರ್ತಿ ಸೋರಿಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ಗಾಳಿ ದ್ರವದಷ್ಟು ಚೆನ್ನಾಗಿ ಬಿಸಿ ಮುಟ್ಟಿಸುವುದಿಲ್ಲ, ಹಾಗಾಗಿ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ. ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಬಯಲಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಆದರೆ ಆ ಮುಚ್ಚಳ ಒಳಗಿನ ಒತ್ತಡವನ್ನು ಸುಮಾರು 1 ಬಾರ್ ಜಾಸ್ತಿ ಹಿಡಿದಿಡುವುದರಿಂದ ಒಳಗೆ 120ರ ಹತ್ತಿರದ ತನಕ ಕುದಿಯದೇ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿಟ್ಟು ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕೆಂಪು ಲೈಟುಗಳು: ಆಯಿಲ್, ಬ್ಯಾಟರಿ, ಬ್ರೇಕ್

ಆಯಿಲ್ ಕ್ಯಾನಿನ ಚಿತ್ರದ ಕೆಂಪು ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಒತ್ತಡ ಇದೆಯೇ ಅಂತ ಮಾತ್ರ ಹೇಳುತ್ತದೆ. ಒತ್ತಡ ತೀರಾ ಕೆಳಗೆ, ಅರ್ಧ ಬಾರ್‌ನ ಸುತ್ತಮುತ್ತ ಇಳಿದರೆ ಮಾತ್ರ ಹೊತ್ತಿಕೊಳ್ಳುತ್ತದೆ, ಅಂದರೆ ಅದು ಬಂದಾಗ ಆಗಲೇ ತಡವಾಗಿರುತ್ತದೆ. ಓಡುವಾಗ ಬಂದರೆ ಮುಂದಿನ ಊರಿನ ತನಕ ಹೋಗೋಣ ಅನ್ನಬಾರದು. ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಸರಿಯಾಗಿದ್ದರೂ ಸ್ಟಾರ್ಟ್ ಮಾಡದೇ ಗಾಡಿ ಎಳೆಸಿಕೊಂಡು ಹೋಗಿ, ಮೆಕ್ಯಾನಿಕ್ ಕೈಯಲ್ಲಿ ಈ ಲೈಟ್ ಹೊತ್ತಿಸುವ ಆಯಿಲ್ ಒತ್ತಡದ ಸ್ವಿಚ್ ಬಿಚ್ಚಿಸಿ ಬೇರೆ ಗೇಜ್ ಹಾಕಿಸಿ ಒತ್ತಡ ಅಳೆಸಿ. ಹಳೆಯ ಗಾಡಿಯಲ್ಲಿ ಎಷ್ಟೋ ಸಲ ಹೋಗಿರುವುದು ಆ ಅಗ್ಗದ ಸ್ವಿಚ್ಚೇ, ಅದರ ಕನೆಕ್ಟರಿನಲ್ಲಿ ಆಯಿಲ್ ಒಸರಿರುತ್ತದೆ. ಆದರೆ ಅಳೆದು ನೋಡುವ ಮೊದಲು ಹಾಗಂದುಕೊಳ್ಳುವುದು ಎಂಜಿನ್ನನ್ನು ಪಣಕ್ಕಿಟ್ಟಂತೆ.

ಬ್ಯಾಟರಿ ಲೈಟ್ ಬಂದರೆ ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್ ಬ್ಯಾಟರಿ ಚಾರ್ಜ್ ಮಾಡುತ್ತಿಲ್ಲ ಅಂತ ಅರ್ಥ. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಇನ್ನೂ ಡೈನಮೊ ಅಂತಲೇ ಕರೆಯುತ್ತಾರೆ. ಎಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಎರಡು ಸಂಗತಿ ಇವೆ. ಒಂದು, ಹಳೆಯ ಆಲ್ಟರ್ನೇಟರ್ ಹಲವದರಲ್ಲಿ ಚಾರ್ಜಿಂಗ್ ಶುರುವಾಗಲು ಬೇಕಾದ ಮೊದಲ ಕರೆಂಟ್ ಹೋಗುವುದೇ ಆ ಲೈಟಿನ ಬಲ್ಬ್ ಮೂಲಕ. ಬಲ್ಬ್ ಸುಟ್ಟರೆ ಎಕ್ಸಲರೇಟರ್ ಜೋರಾಗಿ ಒತ್ತುವ ತನಕ ಚಾರ್ಜಿಂಗ್ ಶುರುವಾಗದೇ ಇರಬಹುದು. ಎರಡನೆಯದು ಇನ್ನೂ ಮುಖ್ಯ. ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿಗೆ ವ್ಯಾಕ್ಯೂಮ್ (ಗಾಳಿಯ ಎಳೆತ) ಕೊಡುವ ಪಂಪ್ ಆಲ್ಟರ್ನೇಟರಿನ ಹಿಂಭಾಗದಲ್ಲೇ ಇರುತ್ತದೆ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ತುಂಡಾದರೆ ಬ್ಯಾಟರಿ ಲೈಟ್ ಬರುತ್ತದೆ, ಅದರ ಜೊತೆಗೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಘಾಟಿ ಇಳಿಯುವಾಗ ಈ ಎರಡೂ ಒಟ್ಟಿಗೆ ಕಂಡರೆ ಲೋ ಗೇರಿಗೆ ಹಾಕಿ, ಪೆಡಲ್ ಪೂರ್ತಿ ಬಲ ಹಾಕಿ ಒತ್ತಿ, ಮೊದಲ ಸಮತಟ್ಟು ಜಾಗದಲ್ಲೇ ನಿಲ್ಲಿಸಿ.

ಬ್ರೇಕ್ ಲೈಟಿಗೆ ಎರಡು ಕೆಲಸ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಬರುತ್ತದೆ, ಬ್ರೇಕ್ ಆಯಿಲ್ ಕಡಿಮೆಯಾದರೂ ಬರುತ್ತದೆ. ತಿರುವಿನಲ್ಲಿ, ಇಳಿಜಾರಿನಲ್ಲಿ ಮಾತ್ರ ಮಿಣುಕಿದರೆ ಆಯಿಲ್ ಮಟ್ಟ ಅಂಚಿನಲ್ಲಿದೆ. ಸುಮ್ನೆ ಆಯಿಲ್ ಸುರಿದು ಮುಗಿಸಬೇಡಿ. ಬ್ರೇಕ್ ಪ್ಯಾಡ್ ಸವೆದರೂ ಮಟ್ಟ ಇಳಿಯುತ್ತದೆ, ಸೋರಿಕೆ ಇದ್ದರೂ ಇಳಿಯುತ್ತದೆ. ಎರಡನ್ನೂ ನೋಡಿಸಿ.

ಸ್ಪೀಡೋಮೀಟರ್

ತುಂಬಾ ಹಳೆಯ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಒಂದು ಕೇಬಲ್ ಬರುತ್ತದೆ, ಒಳಗಿನ ಉಕ್ಕಿನ ಎಳೆ ತಿರುಗುತ್ತದೆ, ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಒಂದು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ, ಎರಡರ ಬಲ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಕೇಬಲ್ ಒಣಗಿದರೆ ಕಿರ್ ಅನ್ನುತ್ತದೆ, ಮುಳ್ಳು ನಡುಗುತ್ತದೆ. ಎಳೆ ತುಂಡಾದರೆ ಸ್ಪೀಡೂ ಇಲ್ಲ, ಕಿಲೋಮೀಟರೂ ಇಲ್ಲ. ಸ್ಪೀಡ್ ತೋರಿಸಿ ಕಿಲೋಮೀಟರ್ ಮಾತ್ರ ಓಡದಿದ್ದರೆ ಓಡೋಮೀಟರಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದಿದೆ, ಗಾಡಿ ಕೊಳ್ಳುವವರು ಇದನ್ನು ಓಡಿಸಿಯೇ ನೋಡಬೇಕು. ಆಮೇಲಿನ ಗಾಡಿಗಳಲ್ಲಿ ಕೇಬಲ್ ಬದಲು ಸೆನ್ಸರ್ ಇದೆ. ಅದಕ್ಕೆ ಮಣ್ಣು, ನೀರು, ಸಡಿಲ ಕನೆಕ್ಟರ್ ಮೂರೇ ಶತ್ರು.

ಟೈರ್ ದೊಡ್ಡದು ಹಾಕಿಸಿದರೆ ಮೀಟರ್ ಕೆಡದಿದ್ದರೂ ತಪ್ಪು ತೋರಿಸುತ್ತದೆ. ಬೊಲೆರೊಗೆ ಬರುವ 215/75 ಆರ್15 ಟೈರಿನ ಎತ್ತರ ಸುಮಾರು 703 ಮಿಲಿಮೀಟರ್. 235/75 ಆರ್15 ಹಾಕಿದರೆ 733. ಒಂದು ಸುತ್ತಿಗೆ ಗಾಡಿ 4 ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರಿಗೆ ಗೊತ್ತಾಗುವುದು ಸುತ್ತು ಮಾತ್ರ. ಮುಂಚೆ ಸರಿಯಾಗಿ ತೋರಿಸುತ್ತಿದ್ದ ಮೀಟರ್ ಆದರೆ, ಈಗ ಅದು 80 ಅಂದಾಗ ಗಾಡಿ 83ರ ಮೇಲೆ ಓಡುತ್ತಿರುತ್ತದೆ.

ನಿಜವಾಗಿಯೂ ಮುಳ್ಳಿನ ಕಡೆಯೇ ತಪ್ಪಿದ್ದ ದೊಡ್ಡ ಉದಾಹರಣೆ ಅಮೆರಿಕದ್ದು. 2003ರಿಂದ 2006ರ ತನಕದ ಷೆವರ್ಲೆ ಟಾಹೊ, ಸಬರ್ಬನ್, ಜಿಎಂಸಿ ಯುಕಾನ್ ಗಾಡಿಗಳಲ್ಲಿ ಪ್ರತಿ ಮುಳ್ಳಿನ ಹಿಂದೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಒಂದು ಪುಟ್ಟ ಸ್ಟೆಪರ್ ಮೋಟಾರ್ ಇತ್ತು, ಅವು ಒಂದೊಂದಾಗಿ ಕೈಕೊಟ್ಟವು. ಅಲ್ಲಿ ಹಳೆಯ ಟಾಹೊ ಕೊಳ್ಳುವ ಕನ್ನಡಿಗರು ಇವತ್ತಿಗೂ ಇದನ್ನು ನೋಡಬಹುದು. ಈ ಮೋಟಾರಿಗೆ ಮುಳ್ಳು ಎಲ್ಲಿದೆ ಅಂತ ತಿಳಿಸುವ ಸೆನ್ಸರ್ ಇಲ್ಲ. ಬೋರ್ಡ್ ಬರೀ ಹೆಜ್ಜೆ ಎಣಿಸುತ್ತದೆ. ಒಮ್ಮೆ ಹೆಜ್ಜೆ ತಪ್ಪಿದರೆ ಗಾಡಿ ನಿಂತಿದ್ದರೂ ಮುಳ್ಳು 40 ಮೈಲಿ ತೋರಿಸುತ್ತಾ ಕೂರಬಹುದು. ಇವುಗಳನ್ನು ತಯಾರಿಸಿದ ಜನರಲ್ ಮೋಟಾರ್ಸ್ 2003, 2004ರ ಕೆಲವು ಗಾಡಿಗಳಿಗೆ 7 ವರ್ಷ ಅಥವಾ 70,000 ಮೈಲಿಯ ವಿಶೇಷ ರಿಪೇರಿ ಸೌಲಭ್ಯ ಕೊಟ್ಟಿತ್ತು. ಈಗ ಹಳೆಯ ಮೋಟಾರ್ ಬೆಸುಗೆ ಬಿಚ್ಚಿ ಹೊಸದು ಕೂರಿಸುತ್ತಾರೆ, ಇಡೀ ಬೋರ್ಡ್ ಬದಲಾಯಿಸಬೇಕಾಗಿಲ್ಲ.

ಬೋರ್ಡಿನ ಆಚೆ

ಎಸಿ ಫ್ಯಾನ್ ಕೊನೆಯ ಪಾಯಿಂಟಿನಲ್ಲಿ ಮಾತ್ರ ಓಡಿದರೆ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಕಡಿಮೆ ವೇಗಗಳಿಗೆ ಕರೆಂಟ್ ಅದರ ಮೂಲಕ ಹೋಗುತ್ತದೆ, ಕೊನೆಯ ಪಾಯಿಂಟಿಗೆ ನೇರವಾಗಿ. ರೆಸಿಸ್ಟರ್ ಜೊತೆ ಕನೆಕ್ಟರನ್ನೂ ನೋಡಿಸಿ, ಅದು ಕರಗಿರುವುದುಂಟು.

ಪವರ್ ವಿಂಡೋ ಒಂದೇ ಬಾಗಿಲಿನಲ್ಲಿ ಕೆಲಸ ಮಾಡದಿದ್ದರೆ, ಬಾಗಿಲು ಅರ್ಧ ತೆರೆದಾಗ ಮಾತ್ರ ಮಾಡಿದರೆ, ಕೀಲಿನ ಹತ್ತಿರದ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿದೆ. ವರ್ಷಗಟ್ಟಲೆ ಮಡಚಿ ಬಿಚ್ಚಿ ತಾಮ್ರದ ಎಳೆ ಒಳಗೇ ಮುರಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ. ಮೋಟಾರ್ ಸದ್ದು ಬಂದು ಗಾಜು ಏಳದಿದ್ದರೆ ಗಾಜು ಎತ್ತುವ ಕೇಬಲ್ ಹೋಗಿದೆ.

ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಾರ್ನ್ ಹೋಗಿ ಅದೇ ಹೊತ್ತಿಗೆ ಏರ್‌ಬ್ಯಾಗ್ ಲೈಟೂ ಬಂದರೆ ಸ್ಟೀರಿಂಗ್ ಕೆಳಗಿನ ಸುರುಳಿ ಪಟ್ಟಿ, ಅಂದರೆ ಕ್ಲಾಕ್ ಸ್ಪ್ರಿಂಗ್ ತುಂಡಾಗಿರುವ ಸಾಧ್ಯತೆ ಜಾಸ್ತಿ. ಇದನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಏರ್‌ಬ್ಯಾಗ್ ಸಿಡಿಯಬಹುದು.

ಕೊಳ್ಳುವಾಗ, ಗ್ಯಾರೇಜಿಗೆ ಹೋಗುವಾಗ

ಎಲೆಕ್ಟ್ರಿಷಿಯನ್ ಹತ್ತಿರ "ಮೀಟರ್ ಹೋಗಿದೆ" ಅಂದರೆ ಅವರು ಮೀಟರನ್ನೇ ಬಿಚ್ಚುತ್ತಾರೆ. ಬದಲಿಗೆ ಏನಾಗುತ್ತದೆ ಅಂತ ಹೇಳಿ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆಯಲ್ಲಿ ಮಾತ್ರವೋ, ಹೆಡ್‌ಲೈಟ್ ಹಾಕಿದಾಗಲೋ, ಗುಂಡಿ ಹಾರಿದಾಗಲೋ. ಅವರು ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಹೊಸ ಮೀಟರ್ ಸೆಟ್ ಹಾಕಬೇಕು ಅಂತ ಹೇಳಿದರೆ ಸೆನ್ಸರ್ ಮತ್ತು ಅರ್ತಿಂಗ್ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿ.

ಹಳೆಯ ಗಾಡಿ ನೋಡಲು ಹೋದಾಗ ಮಾಲೀಕರು ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಕೀಯನ್ನು ನೀವು ತೆಗೆದುಕೊಂಡು ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಆಯಿಲ್ ಮತ್ತು ಬ್ಯಾಟರಿ ಲೈಟ್ ಬರಲೇಬೇಕು, ಎಬಿಎಸ್, ಏರ್‌ಬ್ಯಾಗ್, ಚೆಕ್ ಎಂಜಿನ್ ಇರುವ ಗಾಡಿಯಲ್ಲಿ ಅವೂ ಬರಬೇಕು. ಆಮೇಲೆ ಸ್ಟಾರ್ಟ್ ಮಾಡಿದಾಗ ಎಲ್ಲವೂ ಆರಬೇಕು. ಆರದೇ ಉಳಿದ ಲೈಟ್ ಒಂದು ತೊಂದರೆ, ಅದು ಕಣ್ಣಿಗಾದರೂ ಕಾಣುತ್ತದೆ. ಮೊದಲಿಗೇ ಬಾರದ ಲೈಟ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಬಲ್ಬ್ ಸುಟ್ಟಿರಬಹುದು, ಇಲ್ಲವೇ ತೊಂದರೆ ಕಾಣಬಾರದು ಅಂತ ಯಾರೋ ತೆಗೆದಿಟ್ಟಿರಬಹುದು. ಯಾವುದು ಅಂತ ಗೊತ್ತಾಗುವ ತನಕ ಅಡ್ವಾನ್ಸ್ ಕೊಡಬೇಡಿ.